‘ಡೋಂಟ್ ವರೀಡ್’ ಅಂದ ಮಗಳಿಗೆ

ಶಿರಾ, ಭಾನುವಾರ

ಪುಟ್ಟಿ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಪತ್ರ. ಪುಣೆ ತಲುಪಿದ ಕೂಡಲೇ ‘ರೀಚ್ಡ್. ಡೋಂಟ್ ವರೀಡ್ ಅಪ್ಪ’ ಅಂತ ಮೆಸೇಜ್ ಹಾಕಿದೆ. ನಾನು ಫೋನ್ ಮಾಡಿ ‘ವರೀಡ್ ಅಲ್ಲ, ವರಿ’ ಅಂದೆ. ನೀನು ಕಟ್ ಮಾಡಿದೆ. ‘ಊಟ ಆಯ್ತಾ ಅಂತ ಕೇಳೋಕೆ ಬರಲ್ವಾ ನಿಮಗೆ’ ಅಂತ ನಿಮ್ಮಮ್ಮ ಇನ್ನೂ ಗೊಣಗುತ್ತಿದ್ದಾಳೆ. ಊಟ ಆಯ್ತಾ?

ಆ ರಾತ್ರಿ ಬಸ್ಸಿನಿಂದ ನೀನು ಹಿರಿಯೂರು ಅಂದೆ, ಚಿತ್ರದುರ್ಗ ಅಂದೆ. ಹುಬ್ಬಳ್ಳಿ ಆದ ಮೇಲೆ ಫೋನ್ ಸ್ವಿಚ್ ಆಫ್. ಈಗ ಬೆಳಗಾವಿ ಇರಬಹುದು, ಈಗ ನಿಪ್ಪಾಣಿ ಇರಬಹುದು ಅಂತ ಮ್ಯಾಪಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಸಾತಾರಾ ದಾಟಿದರೆ ಖಂಬಾಟ್ಕಿ ಘಾಟ್ ಬೇರೆ. ನಿನ್ನ ಮೆಸೇಜ್ ನೋಡಿದ ಮೇಲೆ ಉಸಿರು ಬಂತು. ಉಸಿರು ಬಂದ ಮೇಲೆ ತಪ್ಪೂ ಕಾಣಿಸಿತು. ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರ ಕಣ್ಣು, ಏನು ಮಾಡಲಿ.

ಈಗ ಕೇಳು. ವರಿ ಕ್ರಿಯಾಪದ, ವರೀಡ್ ಗುಣವಾಚಕ. ‘ಡೋಂಟ್’ ಆದ ಮೇಲೆ ಬರೀ ಕ್ರಿಯಾಪದ ಸಾಕು: ಡೋಂಟ್ ವರಿ. ವರೀಡ್ ಬೇಕೇ ಬೇಕು ಅಂದರೆ ಮುಂದೊಂದು ‘ಬಿ’ ಹಾಕು: ಡೋಂಟ್ ಬಿ ವರೀಡ್. ‘ಐ ಆ್ಯಮ್ ವರೀಡ್’ ಅಂದರೆ ಈಗ, ಈ ವಿಷಯಕ್ಕೆ. ‘ಐ ವರಿ’ ಅಂದರೆ ಸ್ವಭಾವವೇ ಹಾಗೆ, ದಿನಾ ಇದ್ದದ್ದು. ನಿಮ್ಮಮ್ಮ ಮೊದಲನೇ ಜಾತಿ, ಮೆಸೇಜ್ ಬಂದ ಮೇಲೆ ಮಲಗಿದಳು. ನಾನು ಎರಡನೆಯದು. ಇನ್ನು ‘ವರಿಯಿಂಗ್’ ಅನ್ನೋದು ದಿಗಿಲು ಹುಟ್ಟಿಸುವ ವಿಷಯಕ್ಕೆ. ಸ್ವಿಚ್ ಆಫ್ ಆದ ಫೋನ್ ವರಿಯಿಂಗ್, ಅಪ್ಪ ವರೀಡ್. ಕ್ಲಾಸಿನ ಹುಡುಗರು ‘ಐ ಆ್ಯಮ್ ಬೋರಿಂಗ್’ ಅಂತ ಬರೆಯುತ್ತಿದ್ದುದೂ ಇದೇ ಗೊಂದಲ. ‘ಬೋರ್ ಆಗ್ತಿದೆ’, ‘ವರಿ ಮಾಡ್ಕೋಬೇಡ’ ಅಂತ ಆಗು, ಮಾಡು ಸೇರಿಸಿಬಿಟ್ಟರೆ ನಮ್ಮ ಮಾತು ನಡೆಯುತ್ತೆ. ಇಂಗ್ಲಿಷ್ ಪದದ ಬಾಲ ನೋಡೋ ಕೆಲಸವೇ ಇಲ್ಲ. ತಪ್ಪು ಬರೋದು ಅಲ್ಲಿಂದ, ದಡ್ಡತನದಿಂದಲ್ಲ.

ಈ ವರಿಯ ಹಳೇ ಅರ್ಥ ಕತ್ತು ಹಿಸುಕೋದು. ಆಮೇಲೆ ನಾಯಿ, ತೋಳ ಕುರಿಯ ಕತ್ತಿಗೆ ಬಾಯಿ ಹಾಕೋದಕ್ಕೂ ಬಂತು. ಬ್ರಿಟನ್ನಿನ 1953ರ ಕಾಯ್ದೆಯೊಂದರ ಪ್ರಕಾರ ಹೊಲದಲ್ಲಿರುವ ಕುರಿಗಳನ್ನು ನಾಯಿ ‘ವರಿ’ ಮಾಡಿದರೆ ಅಪರಾಧ. ನಮ್ಮ ಶಿರಾ ಕಡೆ ಕುರಿ ಮಂದೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಪ್ಪಾಣಿಯಿಂದಾಚೆಗೆ ನನಗಾಗಿದ್ದೂ ಹೆಚ್ಚೂಕಡಿಮೆ ಅದೇ.

ನೋಡು, ಮತ್ತೆ ಪಾಠ ಶುರುವಾಯ್ತು. ನಿನ್ನ ಕೆಲಸವೇ ಕಸ್ಟಮರುಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯೋದಲ್ವಾ, ಆಫೀಸಿನಲ್ಲಿ ಯಾರಾದರೂ ನಕ್ಕರೆ ಅಂತ ಅಷ್ಟೇ. ನಗಲಿ ಬಿಡು. ನಮ್ಮ ಮನೆಯಿಂದ ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋದವಳು ನೀನೇ ಮೊದಲು. ಬೇಕರಿಯವನಿಗೂ ಹೇಳಿ ಬಂದಿದ್ದೇನೆ. ನನ್ನ ಮಾತು ಮನಸ್ಸಿಗೆ ಹಚ್ಚಿಕೋಬೇಡ.

ಆದರೂ ಚಾರ್ಜ್ ಇಲ್ಲದ ಫೋನ್ ಹಿಡಿದುಕೊಂಡು ರಾತ್ರಿ ಬಸ್ ಹತ್ತೋದು ಯಾವ ಬುದ್ಧಿ? ಬಸ್ಸಿನವರ ನಂಬರ್ ಟಿಕೆಟ್ಟಿನಲ್ಲೇ ಇತ್ತಲ್ವಾ, ಅದನ್ನಾದರೂ ನನಗೆ ಕಳಿಸಬಹುದಿತ್ತು. ಹುಬ್ಬಳ್ಳಿ ದಾಟಿದ ಮೇಲೆ ಬಸ್ ನಿಂತಾಗ ಯಾರದಾದರೂ ಫೋನ್ ಕೇಳಿ ಒಂದು ಮಾತು ಹೇಳಿದ್ದರೂ ಸಾಕಿತ್ತು. ಇರಲಿ.

ಅಕೌಂಟಿಗೆ ದುಡ್ಡು ಹಾಕಿದ್ದೇನೆ, ಪವರ್ ಬ್ಯಾಂಕ್ ತಗೋ. ಪಿ.ಜಿ. ಓನರ್ ನಂಬರ್ ಕಳಿಸು. ಚಟ್ನಿಪುಡಿ ಡಬ್ಬಿ ಬಸ್ಸಿನಲ್ಲೇ ಬಿಟ್ಟಿಲ್ಲ ತಾನೇ? ನಿಮ್ಮಮ್ಮ ಕೇಳುತ್ತಿದ್ದಾಳೆ.

ಅಪ್ಪ