ಊಟದ ದರ, ಲೆಕ್ಕದ ಪುಸ್ತಕ ಮತ್ತು ಅಮ್ಮನ ತಟ್ಟೆಯ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

2025ರ ಆಗಸ್ಟ್ 1ರ ಶುಕ್ರವಾರದಿಂದ ನಮ್ಮಲ್ಲಿ ಮಧ್ಯಾಹ್ನದ ಊಟದ ದರ 60 ರೂಪಾಯಿಯಿಂದ 75 ರೂಪಾಯಿ ಆಗುತ್ತದೆ. ಲೆಕ್ಕ ಬರೆಸಿ ಊಟ ಮಾಡುವ ಪದ್ಧತಿಯೂ ಅಂದಿನಿಂದ ನಿಲ್ಲುತ್ತದೆ. ಇಷ್ಟನ್ನೇ ಹೇಳುವುದಾದರೆ ಬಾಗಿಲಿಗೆ ಒಂದು ಚೀಟಿ ಅಂಟಿಸಿದರೆ ಸಾಕಿತ್ತು. ಆದರೆ ಇಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದ ನಮ್ಮ ಅಮ್ಮ ಮಾರ್ಚ್‌ನಲ್ಲಿ ತೀರಿಕೊಂಡ ಮೇಲೆ ಗಲ್ಲಾದ ಎದುರು ನಿಂತು ನಿಮ್ಮಲ್ಲಿ ಅನೇಕರು ಆಡಿರುವ ಮಾತುಗಳಿಗೆ ಚೀಟಿಯಲ್ಲಿ ಉತ್ತರ ಹೇಳಲಾಗದು.

ಮೊದಲು ದರದ ವಿಷಯ. ಕಲ್ಪತರು ನಾಡಿನಲ್ಲಿ ಕೂತು ತೆಂಗಿನಕಾಯಿ ದುಬಾರಿ ಎನ್ನುತ್ತೀರಲ್ಲ ಎಂದು ನಗುವವರು ತಿಪಟೂರು ಮಾರುಕಟ್ಟೆಯ ಸುದ್ದಿಯನ್ನು ಒಮ್ಮೆ ಓದಬೇಕೆಂದು ವಿನಂತಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು; ತಿಪಟೂರಿನ ಹರಾಜಿನಲ್ಲಿ ಅದು 25,000 ದಾಟಿತು. ಬೆಳೆಗಾರರ ಕೈಗೆ ನಾಲ್ಕು ಕಾಸು ಸೇರುವುದರಲ್ಲಿ ನಮಗೆ ಹೊಟ್ಟೆಕಿಚ್ಚಿಲ್ಲ, ಆದರೆ ಚಟ್ನಿಗೂ ಸಾರಿಗೂ ದಿನಕ್ಕೆ ಇಪ್ಪತ್ತು ಕಾಯಿ ಒಡೆಯುವವರು ನಾವು. ನಂದಿನಿ ಹಾಲು, ಮೊಸರಿನ ದರ 2025ರ ಏಪ್ರಿಲ್ 1ರಿಂದ 4 ರೂಪಾಯಿ ಹೆಚ್ಚಿತು. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರಿನ ಬೆಲೆ ಇಳಿದಾಗ ನೀವೇಕೆ ಇಳಿಸಲಿಲ್ಲ ಎಂದು ಕೇಳಿದವರಿದ್ದಾರೆ; ಅಲ್ಲಿ ಉಳಿದದ್ದೆಲ್ಲ ಕಾಯಿಗೇ ಹೋಯಿತು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗಲೂ ಅಮ್ಮ ಹುಣಸೆಹುಳಿಯಲ್ಲಿ ಸಾರು ಮಾಡಿದರೇ ಹೊರತು ದರ ಮುಟ್ಟಲಿಲ್ಲ ಎಂಬುದನ್ನು ಆಗ ಉಂಡವರು ಮರೆತಿರಲಾರರು.

ಇನ್ನು ನಾವು ದಿನವೂ ಕೇಳುತ್ತಿರುವ ಮಾತು: "ಅಮ್ಮ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ದಾಸೋಹ ನಡೆಯುತ್ತದೆ, ನಿಮಗೆ ಒಂದು ತಟ್ಟೆ ಊಟ ಭಾರವಾಯಿತೆ?"

ಈ ಮಾತು ನಮಗೆ ತಾಗಿದೆ, ಸುಳ್ಳೇಕೆ ಹೇಳೋಣ. ಬಾಗಿಲ ಪಕ್ಕದ ಬೆಂಚಿನ ಮೇಲೆ ಅಮ್ಮ ಬೋರಲು ಹಾಕಿಡುತ್ತಿದ್ದ ಸ್ಟೀಲ್ ತಟ್ಟೆ ಮತ್ತು ಲೋಟ ಕಾಸಿಲ್ಲದೆ ಬಂದವರಿಗೆಂದು ಇದ್ದವು. ಒಬ್ಬರು ಉಂಡು ಎದ್ದರೆ ಅವನ್ನು ತೊಳೆದು ಮತ್ತೆ ಬೋರಲು ಹಾಕುತ್ತಿದ್ದರು. ಏಪ್ರಿಲ್‌ನಲ್ಲಿ ಸುಣ್ಣ ಹೊಡೆಸುವಾಗ ನಾವು ಆ ಬೆಂಚನ್ನು ಒಳಗೆ ಸಾಗಿಸಿದೆವು, ಕೆಲಸ ಮುಗಿದ ಮೇಲೂ ಇಪ್ಪತ್ತು ದಿನ ಹೊರಗೆ ತರಲಿಲ್ಲ. ಆ ದಿನಗಳಲ್ಲೇ ಬಂದ ಒಬ್ಬ ಹಿರಿಯರಿಗೆ ನಮ್ಮ ಹೊಸ ಹುಡುಗ "ಟೋಕನ್ ತಗೊಳ್ಳಿ ಅಜ್ಜ" ಎಂದನಂತೆ. ಅವರು ಏನೂ ಹೇಳದೆ ಹೊರಟುಹೋದರು, ಆಮೇಲೆ ಬಂದಿಲ್ಲ. ಹುಡುಗನಿಗೆ ಹೇಳಿಕೊಡದಿದ್ದದ್ದು ನಮ್ಮದೇ ತಪ್ಪು, ಅದಕ್ಕಾಗಿ ಕ್ಷಮೆ ಕೇಳುತ್ತೇವೆ. ಅವರನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ.

ಆದರೆ ಆ ತಟ್ಟೆಯ ಖರ್ಚು ಎಲ್ಲಿಂದ ಬರುತ್ತಿತ್ತು ಎಂದು ನಿಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಮಗನಾದ ನಾನೂ ಕೇಳಿರಲಿಲ್ಲ. ಮೇ ತಿಂಗಳಲ್ಲಿ ಲೆಕ್ಕ ಹಾಕಲು ಕೂತಾಗಲೇ ನಮಗೆ ತಿಳಿದದ್ದು, ಅಮ್ಮನ ಸಂಬಳ ಎಂಬ ಬಾಬ್ತು ಯಾವ ವರ್ಷದ ಲೆಕ್ಕದಲ್ಲೂ ಇರಲೇ ಇಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಕ್ಕಿ ತೊಳೆಯುವವರು, ಸೆರಗಿನ ಗಂಟಿನಿಂದ ಜಪಸರ ಬಿಚ್ಚಿಕೊಂಡು ಒಲೆಯ ಮುಂದೆ ನಿಲ್ಲುವವರು ಅವರೊಬ್ಬರೇ. ಕ್ರೈಸ್ತರ ಜಪಸರ ಪ್ರಾರ್ಥನೆಯ ಭಾಗಗಳಾದ ಐದು ರಹಸ್ಯ ಮುಗಿಯುವ ಹೊತ್ತಿಗೆ ಅನ್ನ ಬೆಂದಿರುತ್ತಿತ್ತು. ಅಡುಗೆಮನೆಗೆ ಗಡಿಯಾರ ಬಂದದ್ದು ಅವರು ಹೋದ ಮೇಲೆ. ಈಗ ಅವರೊಬ್ಬರ ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡಿದ್ದೇವೆ. ಅವರಿಗೂ ಮನೆ, ಮಕ್ಕಳು ಇದ್ದಾರೆ, ತಿಂಗಳ ಮೊದಲ ತಾರೀಕು ಸಂಬಳ ಕೊಡಲೇಬೇಕು. ಹೆಚ್ಚಾದ 15 ರೂಪಾಯಿಯ ಬಹುಪಾಲು ಅದಕ್ಕೇ ಹೋಗುತ್ತದೆ, ಕಾಯಿಗಲ್ಲ.

ಇದರ ಮೇಲೆ ಅವರ ಉಪವಾಸ. ಕಥೋಲಿಕ ಚರ್ಚಿನ ಕಟ್ಟಳೆಯಂತೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಐವತ್ತೊಂಬತ್ತು ದಾಟಿದವರಿಗೆ ಕಡ್ಡಾಯವಲ್ಲ. ಅಮ್ಮ ಎಪ್ಪತ್ತೆಂಟರಲ್ಲೂ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಮಧ್ಯಾಹ್ನದ ಊಟ ಬಿಡುತ್ತಿದ್ದರು. "ನನ್ನ ತಟ್ಟೆ ಅಲ್ಲಿದೆಯಲ್ಲ" ಎಂದು ಬಾಗಿಲ ಕಡೆ ಕೈ ತೋರಿಸುತ್ತಿದ್ದರು. ಊಟದ ಜೊತೆ ಧರ್ಮವನ್ನೂ ಬಡಿಸುತ್ತಾರೆ ಎಂದು ಹಿಂದೊಮ್ಮೆ ಆಡಿಕೊಂಡವರಿದ್ದರು. ಅಮ್ಮ ಆ ಬೆಂಚಿನಲ್ಲಿ ಕೂತ ಯಾರಿಗೂ ಉಪ್ಪು ಸಾಕೇ, ಅನ್ನ ಬೇಕೇ ಎಂಬುದರ ಹೊರತು ಬೇರೆ ಮಾತು ಆಡಿದ್ದನ್ನು ನಾವು ಕಂಡಿಲ್ಲ. 2019ರ ಜನವರಿ 21ರಂದು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದ ರಾತ್ರಿ ಅಮ್ಮ ಒಲೆ ಆರಿಸಲಿಲ್ಲ. ಅಂತಿಮ ದರ್ಶನಕ್ಕೆಂದು ಊರೂರಿಂದ ಬಂದು ರಸ್ತೆಯಲ್ಲಿ ನಿಂತವರಿಗೆ ಬೆಳಗಾಗುವವರೆಗೆ ಮೊಸರನ್ನ ಕೊಟ್ಟರು. ಸಿದ್ಧಗಂಗೆಯ ದಾಸೋಹವನ್ನು ನಮಗೆ ನೆನಪಿಸುವವರಿಗೆ ಇಷ್ಟು ಹೇಳಿದರೆ ಸಾಕೆಂದುಕೊಳ್ಳುತ್ತೇವೆ. ನೂರಾರು ಹಳ್ಳಿಯ ಭಕ್ತರು ದವಸ ತಂದೊಪ್ಪಿಸುವ ಮಠ ಅದು. ಇಲ್ಲಿ ಒಬ್ಬ ಹೆಂಗಸು ತನ್ನ ದುಡಿಮೆಯನ್ನೂ ಹಸಿವನ್ನೂ ಸೇರಿಸಿ ಒಂದು ತಟ್ಟೆ ತುಂಬಿಸುತ್ತಿದ್ದಳು.

ಲೆಕ್ಕದ ಪುಸ್ತಕದ ಬಗ್ಗೆಯೂ ಗಾಳಿಮಾತು ಹಬ್ಬಿದೆ. ಹಳೆಯ ಬಾಕಿಗೆಂದು ನಾವು ಯಾರಿಗೂ ಫೋನ್ ಮಾಡಿಲ್ಲ, ಮಾಡುವುದೂ ಇಲ್ಲ. ಅಮ್ಮ ಅದರಲ್ಲಿ ಹೆಸರನ್ನೇ ಬರೆಯುತ್ತಿರಲಿಲ್ಲ. "ನೀಲಿ ಅಂಗಿ 2 ಊಟ", "ಕನ್ನಡಕದ ಹುಡುಗ 5", "ಪರೀಕ್ಷೆ ಮುಗಿದ ಮೇಲೆ" ಎಂದಷ್ಟೇ ಇರುತ್ತಿತ್ತು. ಪಾಸ್ಖ ಹಬ್ಬದ ಹಿಂದಿನ ಶನಿವಾರ ರಾತ್ರಿ ಚರ್ಚಿನ ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿಯನ್ನು ಬೆಳಗಿಸುವ ವಿಧಿ ಮುಗಿಸಿಕೊಂಡು ಬಂದವರೇ, ಆ ವರ್ಷದ ಪುಸ್ತಕವನ್ನು ಹಬ್ಬದ ನೀರು ಕಾಯಿಸುವ ಹಂಡೆಯ ಒಲೆಗೆ ಹಾಕುತ್ತಿದ್ದರು. ಈ ಸಲದ ಪುಸ್ತಕ ಮಾತ್ರ ಉಳಿದಿದೆ, ತಪಸ್ಸು ಕಾಲದ ನಡುವೆಯೇ ಅವರು ಹೋದರು. ಏಪ್ರಿಲ್ 20ರ ಹಬ್ಬಕ್ಕೆ ಅದನ್ನು ಒಲೆಗೆ ಹಾಕಲು ನಮಗೆ ಕೈ ಬರಲಿಲ್ಲ, ಅವರ ಅಕ್ಷರ ಇನ್ನೆಲ್ಲೂ ನಮ್ಮ ಬಳಿ ಇಲ್ಲ. ಹೊಸದಾಗಿ ಬರೆಸಿಕೊಳ್ಳುವುದನ್ನು ನಿಲ್ಲಿಸುತ್ತಿರುವುದು ನಿಮ್ಮ ಮೇಲಿನ ಅನುಮಾನದಿಂದಲ್ಲ, ಸುಡುವ ಧೈರ್ಯವಿಲ್ಲದವರು ಬರೆದಿಡಬಾರದು ಎಂಬ ಕಾರಣಕ್ಕೆ.

ಬೆಂಚು, ತಟ್ಟೆ, ಲೋಟ ಮೊದಲಿನ ಜಾಗದಲ್ಲಿವೆ. ಅಲ್ಲಿ ಕೂತವರಿಗೆ ಟೋಕನ್ ಇಲ್ಲ, ಪ್ರಶ್ನೆಯೂ ಇಲ್ಲ. ಸಂತ ಅಂತೋಣಿಯವರ ಹೆಸರಿನ ಮಂಗಳವಾರದ ಊಟ ಮತ್ತು ಜೂನ್ 13ರ ಹಬ್ಬದ ಊಟ ಎಂದಿನಂತೆ ನಡೆಯುತ್ತವೆ. ಅದಕ್ಕಾಗಿ ಒಂದು ಹುಂಡಿ ಇಡಿ ಎಂದು ಪ್ರೀತಿಯಿಂದ ಹೇಳಿದವರಿಗೆ ನಮಸ್ಕಾರ, ಆದರೆ ಇಡುವುದಿಲ್ಲ. ಪರೀಕ್ಷೆಗೆ ಬಂದು ಕೈ ಖಾಲಿಯಾದ ವಿದ್ಯಾರ್ಥಿಗಳು ಗಲ್ಲಾದಲ್ಲಿರುವ ನಮ್ಮ ಮನೆಯವರ ಹತ್ತಿರ ಮಾತಾಡಿ, ನಾಚಿಕೆ ಬೇಡ.

ಪುಸ್ತಕವನ್ನು 2026ರ ಏಪ್ರಿಲ್ 4ರ ಶನಿವಾರ ರಾತ್ರಿ ಒಲೆಗೆ ಹಾಕುತ್ತೇವೆ. ಅಷ್ಟರೊಳಗೆ ತಮ್ಮ ಸಾಲನ್ನು ನೋಡಬೇಕೆನ್ನುವ ನೀಲಿ ಅಂಗಿಯವರು ಮಧ್ಯಾಹ್ನ ಮೂರರ ಮೇಲೆ ಬಂದರೆ ತೋರಿಸುತ್ತೇವೆ.

ಇಂತು,
ಅಮ್ಮನ ಮಗ ಮತ್ತು ಸೊಸೆ
ತುಮಕೂರು