ಮಡಗಾಂವ ಮುನ್ಸಿಪಾಲಿಟಿಗೆ ನಿಂತವರೇ, ಹಳೇ ಮನೆಗಳ ಹಂಚಿನ ಬಗ್ಗೆ ಒಂದು ಮಾತು ಹೇಳಿ

ನಮ್ಮ ವಾರ್ಡಿನಿಂದ ನಿಂತಿರುವ ಎಲ್ಲ ಅಭ್ಯರ್ಥಿಗಳಿಗೆ, ಮತ್ತೆ ಈಗಿನ ಕೌನ್ಸಿಲರ್ ಸಾಹೇಬರಿಗೂ (ನೀವೂ ಪುನಃ ನಿಂತಿದ್ದೀರಿ, ಹಾಗಾಗಿ ನಿಮಗೆ ಸ್ವಲ್ಪ ಜಾಸ್ತಿ), ನಮಸ್ಕಾರ.

ನಿಮ್ಮೆಲ್ಲರ ಕರಪತ್ರಗಳು ಮನೆಗೆ ಬಂದಿವೆ. ಕೂತು ಓದಿದೆ. ಗಟಾರ, ಕಸ, ಪಾರ್ಕಿಂಗ್, ಬೀದಿದೀಪ ಎಲ್ಲ ಇದೆ. ಕೊನೆಯಲ್ಲಿ ಒಂದು ಸಾಲು: ಮಡಗಾಂವದ ಪರಂಪರೆ ಕಾಪಾಡುತ್ತೇವೆ. ಅದರ ಪಕ್ಕದಲ್ಲಿ 1905ರ ನಮ್ಮ ಮುನ್ಸಿಪಾಲಿಟಿ ಕಟ್ಟಡದ ಫೋಟೋ, ಕಮಾನುಗಳು ಚೆನ್ನಾಗಿ ಕಾಣುವ ಹಾಗೆ ತೆಗೆದದ್ದು. ಎಲ್ಲರದ್ದೂ ಹೆಚ್ಚು ಕಡಿಮೆ ಅದೇ ಫೋಟೋ. ಬೇರೆ ಬೇರೆ ಪ್ಯಾನೆಲ್, ಒಂದೇ ಪ್ರಿಂಟಿಂಗ್ ಪ್ರೆಸ್ ಇರಬೇಕು, ಇರಲಿ.

ಹೇಗೆ ಕಾಪಾಡುತ್ತೀರಿ ಅಂತ ಯಾರೂ ಬರೆದಿಲ್ಲ. ಅದಕ್ಕೇ ಮನೆಗೆ ಬಂದಾಗ ಕೇಳಿದೆ. ಒಬ್ಬರು ಚರ್ಚ್ ಚೌಕದಲ್ಲಿ ರಾತ್ರಿ ಬಣ್ಣದ ಲೈಟ್ ಹಾಕಿಸುತ್ತೇವೆ, ಸೆಲ್ಫಿ ಪಾಯಿಂಟ್ ಮಾಡುತ್ತೇವೆ ಅಂದರು. ಇನ್ನೊಬ್ಬರು ಹಳೇ ಮನೆಗಳೆಲ್ಲ ಖಾಸಗಿ ಆಸ್ತಿ, ಕೌನ್ಸಿಲರ್ ಏನು ಮಾಡಲಿಕ್ಕೆ ಬರುತ್ತದೆ ಅಂದರು. ಇವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಆಮೇಲೆ ಹೇಳುತ್ತೇನೆ. ಮೂರನೆಯವರು ನನ್ನ ಹಿಂದಿ ಕೇಳಿ, ನೀವು ಘಾಟಿ ಮೇಲಿನವರಲ್ವಾ, ನಿಮಗೆ ನೀರಿನದ್ದೇನಾದರೂ ತೊಂದರೆ ಇದ್ದರೆ ಹೇಳಿ, ಹೆರಿಟೇಜ್ ಎಲ್ಲ ಇಲ್ಲಿನ ಹಳಬರ ವಿಷಯ ಅಂದರು. ನಗುತ್ತಲೇ ಅಂದರು, ಬೈದದ್ದೇನಲ್ಲ. ಆದರೆ ಈ ಪತ್ರ ಬರೆಯಲು ಕೂತದ್ದು ಆ ಮಾತಿಗೇ.

ಯಾಕೆಂದರೆ ಈ ಊರಿನ ಹಳೇ ಮನೆಗಳ ಮಾಡಿನ ಮೇಲೆ ಹತ್ತಿ ಹಂಚು ತೆಗೆದು ನೋಡಿದವರಲ್ಲಿ ನಮ್ಮವರು ಬಹಳ ಜನ. ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ ಕಡೆಯ ಗೌಂಡಿಗಳು. ಅವರಲ್ಲಿ ಎಷ್ಟೋ ಮಂದಿಗೆ ಇಲ್ಲಿನ ವೋಟರ್ ಕಾರ್ಡ್ ಇದೆ, ಮಕ್ಕಳು ಕೊಂಕಣಿಯಲ್ಲೇ ಜಗಳ ಆಡುತ್ತಾರೆ. ಯಾವ ಮನೆಯ ತೊಲೆ ಗೆದ್ದಲು ತಿಂದಿದೆ, ಯಾವ ಗೋಡೆ ಹೊರಗೆ ಚೆನ್ನಾಗಿದ್ದು ಒಳಗೆ ಟೊಳ್ಳು ಅನ್ನುವುದು ನಿಮ್ಮ ಆಫೀಸಿನ ಫೈಲಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಕಡೆಯ ಒಬ್ಬ ಹಿರಿಯ ಗೌಂಡಿ ಗೋಡೆಗೆ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಾರೆ. ಒಂದು ಕಡೆ ಸದ್ದು ಬದಲಾದ ಕೂಡಲೇ ನಿಂತು, ಇಲ್ಲಿಂದ ಕೆಳಗೆ ನೀರು ಇಳಿದಿದೆ ಅನ್ನುತ್ತಾರೆ. ಗಿಲಾವು ಕೆತ್ತಿ ನೋಡಿದರೆ ಕೆಂಪು ಕಲ್ಲು ಒದ್ದೆ, ಸಂದಿಯ ಮಣ್ಣು ಕೈಗೇ ಬರುತ್ತದೆ.

ಇಲ್ಲಿನ ಹಳೇ ಮನೆಗಳು ಬಹುತೇಕ ಹಾಗೇ ಕಟ್ಟಿದವು. ಚಿರೇಕಲ್ಲು, ಸಂದಿಗೆ ಮಣ್ಣು, ಮೇಲೆ ಸುಣ್ಣದ ಗಿಲಾವು. ಕಿಟಕಿಗೆ ಗಾಜಿನ ಬದಲು ಸಿಂಪಿ ಚಿಪ್ಪು, ತಲೆಯ ಮೇಲೆ ಮಂಗಳೂರು ಹಂಚು. ಆ ಹಂಚಿಗೂ ನಮಗೂ ನಂಟು ಇದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹಂಚು ಈ ಕರಾವಳಿ ಉದ್ದಕ್ಕೂ ಹರಡಿತು. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಮಳೆಯಲ್ಲಿ ಮಣ್ಣಿನ ಸಂದಿಯ ಗೋಡೆ ನೂರು ಇನ್ನೂರು ವರ್ಷ ನಿಂತದ್ದು ತಲೆ ಮೇಲಿನ ಹಂಚು ಸರಿ ಇದ್ದದ್ದಕ್ಕೆ. ವರ್ಷಾ ವರ್ಷ ಮೇ ತಿಂಗಳಲ್ಲಿ ಯಾರಾದರೂ ಹತ್ತಿ ಒಡೆದ ಹಂಚು ಬದಲಿಸುತ್ತಿದ್ದರು, ರೀಪು ನೋಡುತ್ತಿದ್ದರು. ಅದು ನಿಂತರೆ ಮುಗಿಯಿತು. ಮೊದಲ ವರ್ಷ ಒಂದು ಹಂಚು, ಮರು ವರ್ಷ ರೀಪು, ಆಮೇಲೆ ಜಂತಿ, ಅದರ ಮರು ವರ್ಷ ಗೋಡೆಯ ತಲೆ. ಬೆಂಕಿ ಬೇಡ, ಬುಲ್ಡೋಜರ್ ಬೇಡ. ಸುಮ್ನೆ ಬಿಟ್ಟರೆ ಸಾಕು.

ಅದಕ್ಕೇ ನನ್ನ ಪ್ರಶ್ನೆ ಇಷ್ಟೇ: ಹಂಚಿಗೆ ಏನು ಮಾಡುತ್ತೀರಿ? ಲೈಟಿಂಗ್ ಬಿಡಿ.

ನಾನು ಕೆಲಸ ಮಾಡುವ ಅಂಗಡಿ ಇದ್ದದ್ದು ಇಂಥದ್ದೇ ಒಂದು ಮನೆಯ ಕೆಳಗೆ, ಬಾಡಿಗೆಗೆ. ಮಾಲೀಕರು ಒಳ್ಳೆಯವರು, ವಯಸ್ಸಾದವರು. ಆದರೆ ಮನೆ ಅವರೊಬ್ಬರದ್ದಲ್ಲ. ಗೋವಾದಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನಿಂದ ಬಂದ ಪದ್ಧತಿಯಂತೆ ಆಸ್ತಿ ಮಕ್ಕಳೆಲ್ಲರಿಗೂ ಸಮ, ಹೆಣ್ಣುಮಕ್ಕಳಿಗೂ ಸಮ. (ಇದು ಮಾತ್ರ ಬಹಳ ಒಳ್ಳೆಯ ಪದ್ಧತಿ, ನಮ್ಮ ಊರುಗಳ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರಿಂದ ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನೋಡಿದವನಿಗೆ ಹಾಗೇ ಅನ್ನಿಸುತ್ತದೆ.) ಆದರೆ ಪಾಲು ಮಾಡಿಕೊಳ್ಳದೆ ಎರಡು ಮೂರು ತಲೆಮಾರು ಕಳೆದರೆ ಒಂದೇ ಮನೆಗೆ ಹತ್ತಾರು ಹಕ್ಕುದಾರರು. ಒಬ್ಬರು ಮುಂಬೈ, ಒಬ್ಬರು ಲಿಸ್ಬನ್, ಒಬ್ಬರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಹಿಂದಿನ ಮಾಡು ರಿಪೇರಿಗೆ ಅರ್ಜಿ ಹಾಕಿದರೆ ಕಚೇರಿಯಲ್ಲಿ ಎಲ್ಲ ಹಕ್ಕುದಾರರ ಒಪ್ಪಿಗೆ ತನ್ನಿ ಅಂದರು. ನಮ್ಮ ಮಾಲೀಕರು ಕಾಗದ ಹಿಡಿದು ಓಡಾಡಿದರು. ಅಷ್ಟರಲ್ಲಿ ಮಾಡಿಗೆ ನೀಲಿ ತಾಡಪತ್ರಿ ಬಂತು. ಗಾಳಿಗೆ ಅದು ಹರಿಯಿತು, ಇನ್ನೊಂದು ಹಾಕಿದೆವು. ಹಿಂದಿನ ಗೋಡೆ ಹೊಟ್ಟೆ ಬಿಟ್ಟಿತು. ಆಮೇಲೆ ಬಂದ ನೋಟಿಸ್ ಮಾತ್ರ ಬೇಗ ಬಂತು: ಕಟ್ಟಡ ಅಪಾಯಕಾರಿ, ಖಾಲಿ ಮಾಡಿ, ಕೆಡವಿ. ಕೆಡವಲಿಕ್ಕೆ ಯಾರ ಒಪ್ಪಿಗೆಯನ್ನೂ ಯಾರೂ ಕೇಳಲಿಲ್ಲ. ಈಗ ಹಿಂದಿನ ಭಾಗ ಇಲ್ಲ. ನಮ್ಮ ಅಂಗಡಿ ಬೇರೆ ಕಡೆ ಹೋಯಿತು.

ಅಪಾಯದ ನೋಟಿಸ್ ಕೊಡಲೇಬಾರದು ಅಂತ ನಾನು ಹೇಳುವುದಿಲ್ಲ. ಕೆಳಗೆ ಜನ ಓಡಾಡುತ್ತಾರೆ, ಗೋಡೆ ಬಿದ್ದರೆ ಜೀವ ಹೋಗುತ್ತದೆ. ಆದರೆ ಮಳೆಗಾಲದ ಮುಂಚೆ ನೋಟಿಸ್ ಕಳಿಸುವ ಕೈಗೆ, ಅದಕ್ಕಿಂತ ಎರಡು ತಿಂಗಳು ಮುಂಚೆ ಹಂಚು ಸರಿಪಡಿಸಲು ಬಿಡುವ ಕಾಗದಕ್ಕೆ ಸಹಿ ಹಾಕಲು ಆಗುವುದಿಲ್ಲವೇ? ಇದ್ದ ಹಾಗೇ, ಅದೇ ಎತ್ತರಕ್ಕೆ, ಅದೇ ಹಂಚು ಹಾಕುವುದಾದರೆ, ಒಬ್ಬ ಹಕ್ಕುದಾರ ಜವಾಬ್ದಾರಿ ಬರೆದುಕೊಟ್ಟರೆ ಸಾಕು ಅಂತ ಒಂದು ಠರಾವು ಮಾಡಿ. ನಿಮ್ಮ ಅಧಿಕಾರದಲ್ಲಿ ಆದಷ್ಟು ನೀವೇ ಮಾಡಿ, ಆಗದ್ದನ್ನು ಸರ್ಕಾರಕ್ಕೆ ಕಳಿಸಿ. ಖಾಸಗಿ ಆಸ್ತಿ ಅಂತ ಕೈ ಚೆಲ್ಲಿದವರಿಗೆ ನನ್ನ ಉತ್ತರ ಇದು. ಆಸ್ತಿ ಖಾಸಗಿ, ಪರವಾನಗಿ ನಿಮ್ಮದು.

ಇನ್ನು ಕಾನೂನು ಇದೆಯಲ್ಲ ಅಂತೀರಿ. 1978ರ ಪ್ರಾಚೀನ ಸ್ಮಾರಕಗಳ ಕಾನೂನು ಗೋವಾಕ್ಕೆ ಇದೆ, ಆದರೆ ಅದರ ಪಟ್ಟಿಯಲ್ಲಿರುವುದು ಹೆಚ್ಚಾಗಿ ದೇವಸ್ಥಾನ, ಚರ್ಚು, ಕೋಟೆ. ಜನ ವಾಸ ಇರುವ ಮನೆಗೆ ಅದು ಆಗಿಬರುವುದು ಕಡಿಮೆ. ಎಸ್‌ಜಿಪಿಡಿಎ (ದಕ್ಷಿಣ ಗೋವಾ ಯೋಜನೆ ಮತ್ತು ಅಭಿವೃದ್ಧಿ ಪ್ರಾಧಿಕಾರ) ಪ್ಲಾನಿನಲ್ಲಿ ಹಳೇ ಮನೆ ಉಳಿಸುವ ಜೋನ್ ಅಂತ ಬಣ್ಣ ಹಾಕುವುದು ಬೇರೆಯವರ ಕೈಯಲ್ಲಿದೆ, ಅದೂ ಗೊತ್ತು. ಜೋನ್ ಇದ್ದರೂ ಅದು ಮನೆಯನ್ನು ಒಡೆಯಬೇಡ ಅನ್ನುತ್ತದೆ ಹೊರತು ತೂತಾದ ಮಾಡಿಗೆ ಹಂಚು ತಂದು ಕೊಡುವುದಿಲ್ಲ. ಮುಂಬೈಯಲ್ಲಿ 1995ರಲ್ಲೇ ಹೆರಿಟೇಜ್ ನಿಯಮ ತಂದರು, ಹಳೇ ಕಟ್ಟಡಕ್ಕೆ ಗ್ರೇಡ್ ಕೊಟ್ಟರು. ಅಲ್ಲಿ ಒಂದು ಒಳ್ಳೆಯ ಯೋಚನೆ ಇತ್ತು: ಕಟ್ಟಡ ಉಳಿಸಿಕೊಂಡ ಮಾಲೀಕನಿಗೆ, ಅವನು ಕಟ್ಟಲಾಗದೆ ಕಳಕೊಂಡ ಜಾಗದ ಹಕ್ಕನ್ನು ಟಿಡಿಆರ್ (ವರ್ಗಾಯಿಸಬಹುದಾದ ಕಟ್ಟುವ ಹಕ್ಕು) ರೂಪದಲ್ಲಿ ಬೇರೆ ಕಡೆ ಮಾರಲು ಅವಕಾಶ. ಬರೀ ಬೇಡ ಅನ್ನದೆ ಕೈಗೆ ಏನಾದರೂ ಕೊಟ್ಟರು. ಅದರಲ್ಲೂ ತಕರಾರು ಸಾಕಷ್ಟು ಇದೆ, ಅದು ಬೇರೆ ಕಥೆ. ಮಡಗಾಂವ ಮುಂಬೈ ಅಲ್ಲ, ಇಲ್ಲಿ ಟಿಡಿಆರ್ ಬೇಕಾಗಿಯೂ ಇಲ್ಲ. ಮನೆಪಟ್ಟಿಯಲ್ಲಿ, ಅಂದರೆ ಮನೆ ತೆರಿಗೆಯಲ್ಲಿ, ರಿಯಾಯಿತಿ ಕೊಡಿ ಸಾಕು. ಹಂಚಿನ ಮಾಡು ಉಳಿಸಿಕೊಂಡು ವರ್ಷಾ ವರ್ಷ ರಿಪೇರಿ ಮಾಡಿಸಿದವರಿಗೆ ಇಷ್ಟು ಕಡಿತ ಅಂತ.

ಮುನ್ಸಿಪಾಲಿಟಿಯದ್ದೇ ಆಸ್ತಿ ಇದೆಯಲ್ಲ, ಅಲ್ಲಿ ಯಾವ ಹಕ್ಕುದಾರನ ಸಹಿಯೂ ಬೇಡ. ಹಾಗಿದ್ದೂ ಸರ್ಕಾರಿ ರಿಪೇರಿ ಹೇಗೆ ನಡೆಯುತ್ತದೆ ಅಂತ ನಮ್ಮ ಗೌಂಡಿಗಳನ್ನು ಕೇಳಿ. ಟೆಂಡರ್ ಕಡಿಮೆ ರೇಟಿನವರಿಗೆ. ಎಸ್ಟಿಮೇಟ್‌ನಲ್ಲಿ ಸಿಮೆಂಟ್ ಗಿಲಾವು, ಮೇಲೆ ಪ್ಲಾಸ್ಟಿಕ್ ಪೇಂಟ್. ಚಿರೇಕಲ್ಲು ನೀರು ಕುಡಿಯುವ ಕಲ್ಲು, ಕುಡಿದದ್ದನ್ನು ಬಿಸಿಲಿಗೆ ಬಿಡಬೇಕು. ಸುಣ್ಣದ ಗಿಲಾವು ಅದಕ್ಕೆ ದಾರಿ ಕೊಡುತ್ತದೆ, ಸಿಮೆಂಟ್ ಕೊಡುವುದಿಲ್ಲ. ಒಳಗೆ ಸಿಕ್ಕಿದ ನೀರು ಕೆಲವು ಮಳೆಗಾಲದಲ್ಲಿ ಗಿಲಾವನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ, ಮತ್ತೆ ಟೆಂಡರ್. ಸುಣ್ಣ ಹದ ಮಾಡಿ, ಗುಂಡಿಯಲ್ಲಿ ಕೊಳೆಹಾಕಿ, ಬೆಲ್ಲದ ನೀರು ಬೆರೆಸಿ ಅರೆಯುವುದು ಗೊತ್ತಿರುವ ಕೈಗಳು ಈ ಊರಲ್ಲಿ ಇನ್ನೂ ಇವೆ, ಆದರೆ ಎಸ್ಟಿಮೇಟ್‌ನಲ್ಲಿ ಆ ಐಟಂ ಇಲ್ಲದಿದ್ದರೆ ಅವರಿಗೆ ಕೆಲಸ ಎಲ್ಲಿಂದ ಬರಬೇಕು? ಮುಂದಿನ ಸಲ ಹಳೇ ಕಟ್ಟಡದ ಕೆಲಸ ತೆಗೆದಾಗ ಸುಣ್ಣ ಅಂತ ಬರೆಸಿ. ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಕೇಳಿದರೆ ಸಾಕು, ಇದಕ್ಕೆ ಮಂತ್ರಿ ಬೇಕಾಗಿಲ್ಲ.

ನಮ್ಮವರಲ್ಲೇ ಕೆಲವರು ನನ್ನ ಜೊತೆ ಜಗಳ ಮಾಡಿದ್ದಾರೆ, ಅದನ್ನೂ ಹೇಳಬೇಕು. ಮೋತಿ ಡೋಂಗರ್ ಗುಡ್ಡದ ಕಡೆಯ ಒಬ್ಬರು, ಭಾಟಕಾರರ (ಜಮೀನ್ದಾರರ) ಬಂಗಲೆ ಬಿದ್ದರೆ ನಿನಗೇನು, ನಮ್ಮ ಮನೆ ಮೇಲೆ ನೋಟಿಸ್ ಬಂದಾಗ ಯಾರು ಪರಂಪರೆ ಅಂದರು ಅಂತ ಕೇಳಿದರು. ತಪ್ಪು ಪ್ರಶ್ನೆ ಅಲ್ಲ. ಗುಡ್ಡದ ಮೇಲಿನ ಮನೆಗಳ ಬಗ್ಗೆಯೂ ನೀವು ಉತ್ತರ ಕೊಡಬೇಕು, ಅದನ್ನು ಈ ಪತ್ರದ ನೆಪದಲ್ಲಿ ತಪ್ಪಿಸಿಕೊಳ್ಳಬೇಡಿ. ಆದರೆ ಅವರಿಗೆ ನಾನು ಹೇಳಿದ್ದು ಹೊಟ್ಟೆಪಾಡಿನ ಮಾತು. ಹಳೇ ಮನೆ ರಿಪೇರಿ ಅಂದರೆ ಹೆಚ್ಚಿನ ಖರ್ಚು ಕೂಲಿಯದ್ದು. ಕಲ್ಲು ಕೆತ್ತುವವನು, ಬಡಗಿ, ಹಂಚು ಹಾಕುವವನು, ಸುಣ್ಣ ಅರೆಯುವವಳು. ಅದೇ ಮನೆ ಬಿದ್ದು ಏಳು ಮಹಡಿ ಎದ್ದರೆ ರೆಡಿಮಿಕ್ಸ್ ಲಾರಿ ಬರುತ್ತದೆ, ಶಟರಿಂಗ್ ಬರುತ್ತದೆ, ಮೂವತ್ತು ವರ್ಷ ಅನುಭವದ ನಮ್ಮ ಗೌಂಡಿ ಅಲ್ಲಿ ಹೆಲ್ಪರ್ ಆಗಿ ಇಟ್ಟಿಗೆ ಹೊರುತ್ತಾನೆ. ಆಮೇಲೆ ಆ ಬಿಲ್ಡಿಂಗಿನ ಕೆಳಗಿನ ಅಂಗಡಿಯ ಬಾಡಿಗೆ ನಮ್ಮಂಥವರಿಗೆ ನಿಲುಕುವುದಿಲ್ಲ. ಹಳೇ ಮಾರ್ಕೆಟ್ ಸುತ್ತ ಚಪ್ಪಲಿ ಹೊಲಿಯುವವರು, ಟೇಲರ್, ಖಾನಾವಳಿಯವರು ಇಷ್ಟು ದಿನ ಉಳಿದದ್ದು ಹಳೇ ಮನೆಗಳ ಹಳೇ ಬಾಡಿಗೆಯಿಂದ. ಆ ಮೋತಿ ಡೋಂಗರಿನವರು ಪೂರ್ತಿ ಒಪ್ಪಲಿಲ್ಲ. ಆದರೆ ಸುಣ್ಣದ ಕೆಲಸ ಎಲ್ಲಿದೆ ಹೇಳು ಅಂದರು.

ಇನ್ನೊಂದು ವಿನಂತಿ. ಕನ್ನಡದವರ ಕಾರ್ಯಕ್ರಮಕ್ಕೆ ಬಂದಾಗ ಕದಂಬರ ಹೆಸರು ಹೇಳಿ ಚಪ್ಪಾಳೆ ತಗೊಳ್ಳುವುದನ್ನು ಸ್ವಲ್ಪ ಕಡಿಮೆ ಮಾಡಿ. ಗೋವಾದ ಕದಂಬರು ದೊಡ್ಡವರೇ, ಇಲ್ಲಿನ ಸರ್ಕಾರಿ ಬಸ್ಸಿಗೂ ಅವರದ್ದೇ ಹೆಸರು, ಚಾಂದೋರ್ ಅವರ ರಾಜಧಾನಿಯಾಗಿತ್ತು, ತಾಂಬಡಿ ಸುರ್ಲಾದ ಮಹಾದೇವ ದೇವಸ್ಥಾನ ನೋಡಲು ನಾವೂ ಮಕ್ಕಳನ್ನು ಕರಕೊಂಡು ಹೋಗುತ್ತೇವೆ. ಆದರೆ ಅದು ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ, ನಿಮ್ಮ ವಾರ್ಡಿನಲ್ಲಿ ಅಲ್ಲ. ನಿಮ್ಮ ಕಡೆಯಲ್ಲಿರುವುದನ್ನು ನೋಡಿ. 1675ರ ಹೋಲಿ ಸ್ಪಿರಿಟ್ ಚರ್ಚಿನ ಚೌಕದ ಸುತ್ತಲಿನ ಮನೆಗಳನ್ನು ನೋಡಿ, ಚರ್ಚು ಹೇಗಾದರೂ ಉಳಿಯುತ್ತದೆ, ಅದಕ್ಕೆ ಜನ ಇದ್ದಾರೆ. ಮನೆಗಳು ಹೋದರೆ ಆ ಚೌಕ ಬರೀ ಪಾರ್ಕಿಂಗ್ ಜಾಗ. ಸುಮಾರು 1790ರಲ್ಲಿ ಕಟ್ಟಿದ ಏಳು ಗೋಪುರದ ಮಾಡಿನ ಮನೆಯಲ್ಲಿ ಈಗ ಉಳಿದದ್ದು ಮೂರೇ. ಅದು ಊರಿಗೇ ಗೊತ್ತಿರುವ ಮನೆ, ಪುಸ್ತಕಗಳಲ್ಲಿ ಬರುವ ಮನೆ. ಅದರ ಗತಿಯೇ ಹೀಗಾದರೆ ಹೆಸರಿಲ್ಲದ ಮನೆಗಳನ್ನು ಯಾರು ಲೆಕ್ಕ ಇಡುತ್ತಾರೆ?

ಲೆಕ್ಕ ಅಂದೆ, ಅಲ್ಲಿಂದಲೇ ಶುರು ಮಾಡಬಹುದು. ಗೆದ್ದ ಮೊದಲ ಬೇಸಿಗೆಯಲ್ಲಿ ವಾರ್ಡಿನ ಹಂಚಿನ ಮನೆಗಳನ್ನೆಲ್ಲ ಒಂದು ಸಲ ಸುತ್ತಿ ಬರೆದುಕೊಳ್ಳಿ. ಯಾವುದರಲ್ಲಿ ಜನ ಇದ್ದಾರೆ, ಯಾವುದಕ್ಕೆ ಬೀಗ, ಯಾವ ಮಾಡಿನ ಮೇಲೆ ತಾಡಪತ್ರಿ. ಜೊತೆಗೆ ಇಂಜಿನಿಯರ್ ಇರಲಿ, ಒಬ್ಬ ಗೌಂಡಿಯೂ ಇರಲಿ, ಅವನ ಅಂದಿನ ಕೂಲಿ ಕೊಡಿ. ತಾಡಪತ್ರಿ ಇರುವ ಮನೆಗಳಿಗೆ ಮೊದಲು ರಿಪೇರಿ ಕಾಗದ.

ಮೂವರಿಗೂ, ಇನ್ನೂ ಮನೆಗೆ ಬರದವರಿಗೂ ಹೇಳುವುದು: ಮತದಾನಕ್ಕೆ ಮುಂಚೆ ಇದಕ್ಕೆ ಉತ್ತರ ಬರೆದು ಕೊಡಿ. ಹಂಚಿನ ರಿಪೇರಿಗೆ ಒಪ್ಪಿಗೆಯ ತೊಡಕು, ಮನೆಪಟ್ಟಿ ರಿಯಾಯಿತಿ, ಎಸ್ಟಿಮೇಟ್‌ನಲ್ಲಿ ಸುಣ್ಣ. ಆಗುತ್ತದೆ, ಆಗುವುದಿಲ್ಲ, ಯಾವುದಾದರೂ ಒಂದು. ಆಗುವುದಿಲ್ಲ ಅಂತ ಬರೆದವರಿಗೆ ವೋಟು ಹಾಕುವುದಿಲ್ಲ ಅಂತೇನೂ ಇಲ್ಲ, ಕಾರಣ ಸರಿ ಇದ್ದರೆ ಹಾಕಿಯೇನು. ಕೊಂಕಣಿಯಲ್ಲಿ ಬರೆದರೂ ನಡೆಯುತ್ತದೆ, ಮರಾಠಿಯೂ ಓದುತ್ತೇವೆ. ಬಂದ ಉತ್ತರಗಳನ್ನು ಕನ್ನಡಕ್ಕೆ ಮಾಡಿ, ಬೆಳಗ್ಗೆ ಕೆಲಸಕ್ಕೆ ನಮ್ಮವರು ಕಾಯುತ್ತಾ ನಿಲ್ಲುವ ನಾಕಾದಲ್ಲಿ ಓದಿ ಹೇಳುವುದು ನನ್ನ ಕೆಲಸ. ಉತ್ತರ ಕೊಡದವರ ಹೆಸರನ್ನೂ ಅಲ್ಲೇ ಓದುತ್ತೇನೆ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಕನ್ನಡದ ಮತದಾರ, ಮಡಗಾಂವ