ಮಗಳಿಗೊಂದು ಪತ್ರ: ಆ ದ್ವೀಪಕ್ಕೆ ಹೋಗುವ ಮುಂಚೆ

ಧಾರವಾಡ

ಪ್ರೀತಿಯ ಮಗಳೇ,

ರಜೆಯಲ್ಲಿ ಮಗನನ್ನು ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್ ಮ್ಯೂಸಿಯಂಗೆ ಕರೆದುಕೊಂಡು ಹೋಗ್ತೀನಿ ಅಂದೆಯಲ್ಲ, ಕೇಳಿ ಖುಷಿಯಾಯಿತು. ನಾವು ಬಂದಾಗ ಅವನಿನ್ನೂ ಕಂಕುಳ ಕೂಸು. ಈ ಸಲ ಅವನಿಗೆ ತಿಳಿಯುತ್ತದೆ, ಅವಸರ ಮಾಡಬೇಡ.

1892ರಿಂದ 1954ರವರೆಗೆ ಹಡಗಿನಲ್ಲಿ ಅಮೆರಿಕಕ್ಕೆ ವಲಸೆ ಬಂದ ಸುಮಾರು 1 ಕೋಟಿ 20 ಲಕ್ಷ ಜನ ತಪಾಸಣೆಗೆ ಹಾದುಹೋದ ಜಾಗ ಅದು. ಮೇಲಿನ ದೊಡ್ಡ ಹಾಲ್‌ಗೆ ಮೆಟ್ಟಿಲು ಹತ್ತುವಾಗಲೇ ಡಾಕ್ಟರುಗಳು ನಿಂತು ನೋಡುತ್ತಿದ್ದರು. ಯಾರಿಗೆ ಏದುಸಿರು, ಯಾರು ಕುಂಟುತ್ತಾರೆ ಅಂತ. ಅನುಮಾನ ಬಂದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಹೃದಯಕ್ಕೆ ಎಚ್, ಕಣ್ಣಿಗೆ ಇ. ಕಣ್ಣಿನ ರೆಪ್ಪೆ ಮಗುಚಲು ಬೂಟಿನ ಗುಂಡಿ ಹಾಕುವ ಕೊಕ್ಕೆ! ವಾಪಸ್ ಕಳಿಸಿದ್ದು ನೂರಕ್ಕೆ ಇಬ್ಬರನ್ನು ಅಷ್ಟೇ, ನಿಜ. ಆ ಇಬ್ಬರಲ್ಲಿ ಒಬ್ಬರು ನಮ್ಮ ಮನೆಯವರಾಗಿದ್ದರೆ ಅಂತ ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಫಸ್ಟ್, ಸೆಕೆಂಡ್ ಕ್ಲಾಸಿನವರ ತಪಾಸಣೆ ಮಾತ್ರ ಹಡಗಿನಲ್ಲೇ ಮುಗಿಯುತ್ತಿತ್ತು. ಇದನ್ನೂ ಅವನಿಗೆ ಹೇಳು.

ನಮ್ಮವರ ಕತೆ ಬೇರೆ. 1917ರ ಅಮೆರಿಕದ ವಲಸೆ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು. 1946ರಲ್ಲಿ ತೆರೆದರೂ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. 1965ರ ಹೊಸ ಕಾನೂನು ಬಂದ ಮೇಲೆ ದಾರಿ ಸಲೀಸಾಯಿತು. ಅಮ್ಮ ಓದಿ, ಕಷ್ಟಪಟ್ಟು ಇಲ್ಲಿಗೆ ಬಂದಳು ಅಂತ ಅವನಿಗೆ ಹೆಮ್ಮೆಯಿಂದ ಹೇಳು. ಆ ಬಾಗಿಲು ತೆರೆಸಲು ಬೇರೆ ಯಾರೋ ಹೋರಾಡಿದ್ದರು ಅಂತಲೂ ಹೇಳು. ಬರೀ ಮೊದಲನೆಯದನ್ನೇ ಕೇಳಿ ಬೆಳೆದರೆ, ಹಿಂದೆ ಬರುವವರು ಅವನ ಕಣ್ಣಿಗೆ ಸಣ್ಣವರಾಗಿ ಕಾಣುತ್ತಾರೆ. ನನಗೆ ಆ ಭಯ ಇದೆ.

ಕೆಳಗಡೆ ಟ್ರಂಕು, ಬುಟ್ಟಿಗಳ ಗುಡ್ಡೆ ಇದೆಯಲ್ಲ, ಅಲ್ಲಿ ನಿಂತು ಗುಳೆ ಹೋಗುವವರ ಬಗ್ಗೆ ಹೇಳು. ಗದಗ, ಹಾವೇರಿ ಕಡೆಯಿಂದ ಗೋವಾಕ್ಕೆ ದುಡಿಯಲು ಹೋಗುವವರನ್ನು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನೀನೇ ನೋಡಿದ್ದೀ. ಗೊಬ್ಬರದ ಚೀಲದಲ್ಲಿ ಪಾತ್ರೆ, ಹಾಸಿಗೆ ಸುರುಳಿ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಬುತ್ತಿ. ಅವರ ಗಂಟುಗಳನ್ನು ಯಾರೂ ಮ್ಯೂಸಿಯಂನಲ್ಲಿ ಇಟ್ಟಿಲ್ಲ. ಇಡಬೇಕಿತ್ತು ಅಲ್ವಾ?

ಪೇಡೆ ಕಳಿಸಿದ್ದೇನೆ. ನಮ್ಮೂರಿನ ಪೇಡೆ ಮಾಡಿದ ಠಾಕೂರ್ ಮನೆತನದವರು ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದವರಂತೆ. ತಿನ್ನುವಾಗ ಅವನಿಗೆ ಇದನ್ನೂ ಹೇಳು.

ಬೆಳಗಿನ ಫೆರ್ರಿಗೇ ಹೋಗಿ, ಆಮೇಲೆ ಗದ್ದಲ ಜಾಸ್ತಿ. ನೀರಿನ ಮೇಲೆ ಗಾಳಿ ಬೀಸುತ್ತದೆ, ಅವನಿಗೆ ಸ್ವೆಟರ್ ಹಾಕಿಸು.

ನಿನ್ನ ಅವ್ವ